ಹೌಸ್‌ಫುಲ್ ಬೋರ್ಡ್ ಹೇಳದ ಲೆಕ್ಕ

2018ರ ಫೆಬ್ರುವರಿ 10ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಟಾಟನ್‌ಹ್ಯಾಮ್ ಮತ್ತು ಆರ್ಸೆನಲ್ ತಂಡಗಳ ಆಟ ನೋಡಲು ಸೇರಿದ್ದವರು 83,222 ಮಂದಿ. ಪ್ರೀಮಿಯರ್ ಲೀಗ್ ಹುಟ್ಟಿದಂದಿನಿಂದ ಒಂದು ಪಂದ್ಯಕ್ಕೆ ಅಷ್ಟು ಜನ ಬಂದದ್ದೇ ಇಲ್ಲ. ಹಾಗಿದ್ದೂ ಇಂಗ್ಲೆಂಡಿನ ಲೀಗ್ ಫುಟ್‌ಬಾಲಿನ ಸಾರ್ವಕಾಲಿಕ ದಾಖಲೆಗೆ 38 ತಲೆ ಕಡಿಮೆ ಬಿತ್ತು. ಆ ದಾಖಲೆ 1948ರ ಜನವರಿ 17ರದು. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಓಲ್ಡ್ ಟ್ರಾಫರ್ಡ್ ಮೈದಾನ 1941ರ ಬಾಂಬ್ ದಾಳಿಯಲ್ಲಿ ಹಾಳಾಗಿತ್ತು. ತಂಡ ಊರಿನ ಎದುರಾಳಿ ಸಿಟಿ ಕ್ಲಬ್ಬಿನ ಮೇನ್ ರೋಡ್ ಮೈದಾನದಲ್ಲಿ ಬಾಡಿಗೆಗೆ ಆಡುತ್ತಿತ್ತು. ಅಂದೂ ಎದುರಿಗಿದ್ದದ್ದು ಆರ್ಸೆನಲ್ಲೇ. ಬಂದ ಪ್ರೇಕ್ಷಕರು 83,260.

ಅಥವಾ 81,962. ಅದೇ ಪಂದ್ಯಕ್ಕೆ ಬೇರೆ ದಾಖಲೆಗಳಲ್ಲಿ ಈ ಸಂಖ್ಯೆಯೂ ಸಿಗುತ್ತದೆ. ಇದು ಸರಿಯಾದರೆ ದಾಖಲೆ ವೆಂಬ್ಲಿಯ ಪಾಲಾಗುತ್ತದೆ. ಸಾವಿರದ ಮುನ್ನೂರು ಜನ ಇದ್ದರೋ ಇಲ್ಲವೋ ಎಂಬುದೇ ಖಚಿತವಿಲ್ಲದ ಲೆಕ್ಕದಲ್ಲಿ 38 ಜನರ ಅಂತರಕ್ಕೆ ಏನು ಬೆಲೆ?

ಯೂರೋಪಿನ ಫುಟ್‌ಬಾಲ್ ಪ್ರೇಕ್ಷಕರ ಇತಿಹಾಸ ಬರೆಯುವವರು ಇಂಥ ಅಂಕಿಗಳ ಮೇಲೆಯೇ ಕಟ್ಟಡ ಎಬ್ಬಿಸಬೇಕು. ಯುದ್ಧಾನಂತರ ಜನಸಾಗರ, ಎಂಬತ್ತರ ದಶಕದಲ್ಲಿ ಖಾಲಿ ಮೆಟ್ಟಿಲು, ಈಗ ಮತ್ತೆ ಭರ್ತಿ: ಇದು ಎಲ್ಲರೂ ಹೇಳುವ ಕಥೆ. ಒರಟಾಗಿ ನೋಡಿದರೆ ಅದು ನಿಜವೂ ಹೌದು, ಇಂಗ್ಲೆಂಡಿನ ಮಟ್ಟಿಗೆ. ಆದರೆ ಆ ಅಂಕಿಗಳನ್ನು ಆಟದ ಜನಪ್ರಿಯತೆಯ ಅಳತೆ ಎಂದು ಓದಲು ಹೊರಟರೆ ದಾರಿ ತಪ್ಪುತ್ತದೆ. ಅವು ಆಟಕ್ಕಿಂತ ಹೆಚ್ಚಾಗಿ ಆಟ ನಡೆಯುವ ಜಾಗದ ಬಗ್ಗೆ ಹೇಳುತ್ತವೆ.

ಮೊದಲು ಏರು ಎಷ್ಟಿತ್ತು ಎಂದು ನೋಡಬೇಕು. 1948-49ರ ಋತುವಿನಲ್ಲಿ ಇಂಗ್ಲಿಷ್ ಲೀಗಿನ 88 ತಂಡಗಳು 1,848 ಪಂದ್ಯ ಆಡಿದವು. ಗೇಟು ದಾಟಿದವರ ಒಟ್ಟು ಸಂಖ್ಯೆ 4 ಕೋಟಿ 12 ಲಕ್ಷ ಮೀರಿತು. ಅತಿ ಕೆಳಗಿನ ವಿಭಾಗದ ಸಣ್ಣ ಊರುಗಳನ್ನೂ ಸೇರಿಸಿಕೊಂಡರೂ ಪಂದ್ಯಕ್ಕೆ ಸರಾಸರಿ 22 ಸಾವಿರ ಜನ. 1951ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಸಂಖ್ಯೆ 4.38 ಕೋಟಿ ಇತ್ತು. ಮಕ್ಕಳು ಮುದುಕರೆನ್ನದೆ ತಲೆಗೆ ಹೆಚ್ಚುಕಡಿಮೆ ಒಂದು ಪಂದ್ಯದಂತಾಯಿತು. ಇಂದು ಅದೇ ನಾಲ್ಕು ವಿಭಾಗಗಳ ಒಟ್ಟು ಲೆಕ್ಕ 3 ಕೋಟಿ ದಾಟಿದ್ದು ದೊಡ್ಡ ಚೇತರಿಕೆಯೇ. ಆದರೆ ಜನಸಂಖ್ಯೆ ಈಗ ಆರು ಕೋಟಿ ದಾಟಿದೆ. ತಲೆಗಿಷ್ಟು ಎಂದು ಹಂಚಿದರೆ ಆ ಕಾಲದ ಹತ್ತಿರಕ್ಕೂ ಹೋಗುವುದಿಲ್ಲ.

ಅಷ್ಟು ಜನ ಯಾಕೆ ಬಂದರು? ಯುದ್ಧ ಮುಗಿದಿತ್ತು, ಕೈಗೆ ಕೆಲಸವಿತ್ತು, ಜೇಬಿನಲ್ಲಿ ಸಂಬಳವಿತ್ತು, ಆದರೆ ಖರ್ಚು ಮಾಡಲು ಅಂಗಡಿಯಲ್ಲಿ ಸಾಮಾನಿರಲಿಲ್ಲ. ಬಟ್ಟೆ, ಪೆಟ್ರೋಲ್, ಸಕ್ಕರೆ ಎಲ್ಲದಕ್ಕೂ ಪಡಿತರ. ಶನಿವಾರ ಕಾರ್ಖಾನೆಗಳಿಗೆ ಅರ್ಧ ದಿನ. ಮಧ್ಯಾಹ್ನ ಕೆಲಸ ಬಿಟ್ಟವರು ಮೂರು ಗಂಟೆಯ ಆಟಕ್ಕೆ ನಡೆದೇ ಹೋಗುವಷ್ಟು ಹತ್ತಿರದಲ್ಲಿ, ಸಾಲುಮನೆಗಳ ನಡುವೆಯೇ, ಮೈದಾನ ಇರುತ್ತಿತ್ತು. ಫುಟ್‌ಬಾಲ್ ಮೇಲಿನ ಪ್ರೀತಿ ಇರಲಿಲ್ಲವೆಂದಲ್ಲ. ಅದಕ್ಕೆ ಪೈಪೋಟಿ ಕೊಡುವಂಥದ್ದು ಹೆಚ್ಚೇನೂ ಇರಲಿಲ್ಲ, ಅಷ್ಟೆ.

ಎಣಿಸುತ್ತಿದ್ದದ್ದು ಟರ್ನ್‌ಸ್ಟೈಲ್. ಒಬ್ಬರು ಮೈ ತುರುಕಿ ದಾಟಬಹುದಾದ ಇಕ್ಕಟ್ಟಿನ ಇಟ್ಟಿಗೆಯ ಓಣಿ, ಅದರೊಳಗೆ ಎರಕದ ಕಬ್ಬಿಣದ ತಿರುಗುಗೇಟು. ಒಳಗೆ ಕೂತವನು ಚಿಲ್ಲರೆ ತೆಗೆದುಕೊಂಡು ಕಾಲಿನಿಂದ ಪೆಡಲ್ ಒತ್ತಿದರೆ ಗೇಟು ಒಂದು ಸುತ್ತು ತಿರುಗಿ ಲೆಕ್ಕದ ಗಾಲಿ ಒಂದು ಅಂಕೆ ಮುಂದಕ್ಕೆ ಹೋಗುತ್ತಿತ್ತು. ಯಂತ್ರ ಸುಳ್ಳು ಹೇಳುವುದಿಲ್ಲ ನಿಜ. ಆದರೆ ಅಪ್ಪಂದಿರು ಚಿಕ್ಕ ಮಕ್ಕಳನ್ನು ಎತ್ತಿ ಗೇಟಿನ ಮೇಲಿಂದ ಆಚೆಗೆ ಇಳಿಸುವುದು ಎಲ್ಲ ಊರಿನ ಪದ್ಧತಿಯಾಗಿತ್ತು. ಆ ಮಕ್ಕಳು ಯಾವ ಲೆಕ್ಕದಲ್ಲೂ ಇಲ್ಲ. 1923ರಲ್ಲಿ ವೆಂಬ್ಲಿಯ ಮೊದಲ ಎಫ್‌ಎ ಕಪ್ ಫೈನಲ್‌ಗೆ ಅಧಿಕೃತ ಸಂಖ್ಯೆ 1,26,047. ಗೋಡೆ ಹಾರಿ, ಗೇಟು ಮುರಿದು ನುಗ್ಗಿದವರನ್ನು ಸೇರಿಸಿದರೆ ಎರಡು ಲಕ್ಷ ಮೀರಿರಬಹುದೆಂದು ಅಂದಾಜು. ಜನ ಮೈದಾನದ ಗೆರೆಯ ಒಳಗೇ ನಿಂತಿದ್ದರು. ಬಿಳಿ ಕುದುರೆ ಏರಿ ಬಂದ ಪೊಲೀಸನೊಬ್ಬ ಅವರನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದ ಮೇಲೆ ಆಟ ಶುರುವಾಯಿತು.

ಇನ್ನು ಇಳಿತ. 1985-86ಕ್ಕೆ ಬರುವಾಗ ಇಂಗ್ಲೆಂಡಿನಲ್ಲಿ ತಂಡಗಳು 92 ಆಗಿದ್ದವು, ಪಂದ್ಯಗಳೂ ಹೆಚ್ಚಿದ್ದವು, ಪ್ರೇಕ್ಷಕರು ಮಾತ್ರ 1 ಕೋಟಿ 65 ಲಕ್ಷಕ್ಕೆ ಇಳಿದಿದ್ದರು. ಪಂದ್ಯಕ್ಕೆ ಸುಮಾರು 8 ಸಾವಿರ.

ಆರೋಪಿಯ ಕಟಕಟೆಯಲ್ಲಿ ಸಾಮಾನ್ಯವಾಗಿ ಟಿವಿಯನ್ನು ನಿಲ್ಲಿಸುತ್ತಾರೆ. ಮನೆಯಲ್ಲೇ ಆಟ ಕಾಣುವಾಗ ಮಳೆಯಲ್ಲಿ ನೆನೆಯಲು ಯಾರು ಹೋಗುತ್ತಾರೆ ಎಂಬ ವಾದ ಕೇಳಲು ಚೆನ್ನಾಗಿದೆ. ದಿನಾಂಕಗಳು ಮಾತ್ರ ಅದಕ್ಕೆ ಒಪ್ಪುವುದಿಲ್ಲ. ಬಿಬಿಸಿ ಪಂದ್ಯದ ಮುಖ್ಯ ಭಾಗಗಳನ್ನು ರಾತ್ರಿ ತೋರಿಸುವ ಕಾರ್ಯಕ್ರಮ ಶುರು ಮಾಡಿದ್ದು 1964ರಲ್ಲಿ; ಅಷ್ಟರಲ್ಲಾಗಲೇ ಕೋಟಿಗಟ್ಟಲೆ ಜನ ಕೈಬಿಟ್ಟಿದ್ದರು. 1960ರ ಒಂದು ಪ್ರಯೋಗ ಬಿಟ್ಟರೆ ಲೀಗ್ ಪಂದ್ಯಗಳ ನೇರ ಪ್ರಸಾರ ಆರಂಭವಾದದ್ದು 1983ರಲ್ಲಿ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಆ ಕನಿಷ್ಠ ವರ್ಷದ್ದೇ. ಹಣದ ವಿಚಾರದಲ್ಲಿ ಲೀಗಿಗೂ ಟಿವಿ ಸಂಸ್ಥೆಗಳಿಗೂ ಜಗಳವಾಗಿ 1985ರ ಆಗಸ್ಟ್‌ನಿಂದ ವರ್ಷದ ಕೊನೆಯವರೆಗೆ ಇಂಗ್ಲೆಂಡಿನ ಟಿವಿಯಲ್ಲಿ ಲೀಗ್ ಫುಟ್‌ಬಾಲ್ ಇರಲೇ ಇಲ್ಲ. ಟಿವಿ ಬಾಯಿ ಮುಚ್ಚಿಕೊಂಡಿದ್ದ ಋತುವಿನಲ್ಲೇ ಮೈದಾನಗಳು ಅತ್ಯಂತ ಖಾಲಿಯಾಗಿದ್ದವು. ಮುಂದೆ ವಾರವಿಡೀ ನೇರ ಪ್ರಸಾರ ಸುರಿಯತೊಡಗಿದ ಮೇಲೂ ಚೇತರಿಕೆ ನಿಲ್ಲಲಿಲ್ಲ.

ನೆರೆಯ ದೇಶಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಟಿವಿಯ ಮೇಲಿನ ಮೊಕದ್ದಮೆ ಇನ್ನೂ ಸಡಿಲವಾಗುತ್ತದೆ. ಇಂಗ್ಲೆಂಡ್ ತಳ ಕಾಣುತ್ತಿದ್ದಾಗ ಇಟಲಿ ಶಿಖರದಲ್ಲಿತ್ತು. 1984-85ರಲ್ಲಿ ಸೀರಿ ಎ ಪಂದ್ಯವೊಂದಕ್ಕೆ ಸರಾಸರಿ 38 ಸಾವಿರಕ್ಕೂ ಹೆಚ್ಚು ಜನ. ಇಂಗ್ಲೆಂಡಿನ ಮೊದಲ ವಿಭಾಗದಲ್ಲಿ ಆ ವರ್ಷ 21 ಸಾವಿರದ ಆಸುಪಾಸು. ಇಟಲಿ 1980ರಲ್ಲಿ ವಿದೇಶಿ ಆಟಗಾರರಿಗೆ ಮತ್ತೆ ಬಾಗಿಲು ತೆರೆದಿತ್ತು. ನೇಪಲ್ಸ್‌ನಲ್ಲಿ ಮರಡೋನಾ, ಟುರಿನ್‌ನಲ್ಲಿ ಪ್ಲಾಟಿನಿ, ಉದಿನೆಯಲ್ಲಿ ಜೀಕೊ, ಫ್ಲಾರೆನ್ಸ್‌ನಲ್ಲಿ ಸಾಕ್ರಟೀಸ್. ಇವರೆಲ್ಲ ಇದ್ದೂ ಆ ವರ್ಷ ಪ್ರಶಸ್ತಿ ಗೆದ್ದದ್ದು ವೆರೋನಾ ಎಂಬ ನಡುಗಾತ್ರದ ಊರಿನ ತಂಡ.

ಹಾಗಾದರೆ ತಾರೆಯರಿದ್ದರೆ ಜನ ಬರುತ್ತಾರೆ ಎನ್ನೋಣವೇ? ಜರ್ಮನಿ ಅದಕ್ಕೂ ಅಡ್ಡ ಬರುತ್ತದೆ. ಬುಂಡೆಸ್‌ಲೀಗಾ 1963ರಲ್ಲಿ ಶುರುವಾದಾಗ ಸರಾಸರಿ ಸುಮಾರು 25 ಸಾವಿರ ಜನ ಬರುತ್ತಿದ್ದರು. 1971ರ ಜೂನ್ 6ರಂದು ಆಫೆನ್‌ಬಾಖ್ ಕ್ಲಬ್ಬಿನ ಅಧ್ಯಕ್ಷ ಹೋರ್ಸ್ಟ್-ಗ್ರೆಗೋರಿಯೊ ಕನೆಲ್ಲಾಸ್ ತನ್ನ ಐವತ್ತನೇ ಹುಟ್ಟುಹಬ್ಬಕ್ಕೆ ಬಂದಿದ್ದ ಅತಿಥಿಗಳ ಮುಂದೆ ಟೇಪ್ ರೆಕಾರ್ಡರ್ ಹಾಕಿದ. ಪಂದ್ಯ ಸೋಲಲು ಆಟಗಾರರು ದರ ಮಾತಾಡುತ್ತಿದ್ದ ಫೋನ್ ಕರೆಗಳು ಅದರಲ್ಲಿದ್ದವು. ಅತಿಥಿಗಳಲ್ಲಿ ರಾಷ್ಟ್ರೀಯ ತಂಡದ ತರಬೇತುದಾರನೂ ಇದ್ದ. ಮುಂದಿನ ವರ್ಷ ಪಶ್ಚಿಮ ಜರ್ಮನಿ ಯೂರೋಪ್ ಚಾಂಪಿಯನ್ ಆಯಿತು. ಬೆಕೆನ್‌ಬಾಯರ್, ಮ್ಯುಲರ್, ನೆಟ್ಸರ್ ಎಲ್ಲರೂ ಅವರ ಕಾಲದ ಉತ್ತುಂಗದಲ್ಲಿದ್ದರು. ಅದರ ಬೆನ್ನಿಗೇ ಬಂದ 1972-73ರ ಋತುವಿನಲ್ಲಿ ಬುಂಡೆಸ್‌ಲೀಗಾದ ಸರಾಸರಿ ಪ್ರೇಕ್ಷಕರು 16-17 ಸಾವಿರಕ್ಕೆ ಕುಸಿದರು. ಲೀಗಿನ ಇತಿಹಾಸದಲ್ಲೇ ಅದು ಕನಿಷ್ಠ. ಖಂಡದ ಅತ್ಯುತ್ತಮ ಆಟಗಾರರು ಆಡುತ್ತಿದ್ದರು, ನೋಡುವವರಿಗೆ ಆಟ ನಿಜವೆಂಬ ನಂಬಿಕೆ ಹೋಗಿತ್ತು. ಅವರನ್ನು ಮರಳಿ ಕರೆತರುವಲ್ಲಿ 1974ರ ವಿಶ್ವಕಪ್‌ಗೆಂದು ಕಟ್ಟಿದ ಹೊಸ ಕ್ರೀಡಾಂಗಣಗಳ ಪಾಲು ದೊಡ್ಡದು.

ಕಟ್ಟಡ ಎಂದೆ. ಅದರ ಮಾತು ಇಂಗ್ಲೆಂಡಿನಲ್ಲಿ ಸಾವಿನ ಮಾತಾಗುತ್ತದೆ.

1989ರ ಏಪ್ರಿಲ್ 15, ಶೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನ, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್. ಲೆಪಿಂಗ್ಸ್ ಲೇನ್ ತುದಿಯಲ್ಲಿ ನಿಂತು ನೋಡುವ ಲಿವರ್‌ಪೂಲ್ ಅಭಿಮಾನಿಗಳಿಗೆ ಮಾರಿದ್ದ ಟಿಕೆಟ್ 10,100. ಅವರೆಲ್ಲ ಒಳಹೋಗಲು ಇದ್ದ ಟರ್ನ್‌ಸ್ಟೈಲ್ ಏಳು. ಹೊರಗೆ ನೂಕುನುಗ್ಗಲು ಅಪಾಯದ ಮಟ್ಟಕ್ಕೆ ಬಂದಾಗ ಪೊಲೀಸರು 2.52ಕ್ಕೆ ನಿರ್ಗಮನದ ದೊಡ್ಡ ಗೇಟನ್ನೇ ತೆರೆಸಿದರು. ಎದುರಿಗೆ ಕಂಡ ಸುರಂಗದ ಮೂಲಕ ಜನ ನೇರವಾಗಿ ನಡುವಿನ ಎರಡು ಬೇಲಿಗಟ್ಟಿದ ಕಟಕಟೆಗಳಿಗೆ ಇಳಿದರು. ಅವು ಆಗಲೇ ತುಂಬಿದ್ದವು. ಅಕ್ಕಪಕ್ಕದ ಕಟಕಟೆಗಳಲ್ಲಿ ಜಾಗ ಧಾರಾಳವಾಗಿತ್ತು, ಆದರೆ ನಡುವೆ ಕಬ್ಬಿಣದ ಬೇಲಿ, ಮುಂದೆ ಮೈದಾನದ ಕಡೆಗೂ ಬೇಲಿ. 97 ಜನ ಸತ್ತರು. ತಪ್ಪು ಅಭಿಮಾನಿಗಳದಲ್ಲ ಎಂದು ನ್ಯಾಯಾಲಯದ ಜ್ಯೂರಿ ಹೇಳಲು 2016ರವರೆಗೆ ಕಾಯಬೇಕಾಯಿತು.

ಎಣಿಕೆಯ ದೃಷ್ಟಿಯಿಂದ ಅಲ್ಲೊಂದು ಸಂಗತಿ ಇದೆ. ಆ ಏಳು ಟರ್ನ್‌ಸ್ಟೈಲ್‌ಗಳ ಎಣಿಕೆ ನಿಯಂತ್ರಣ ಕೊಠಡಿಗೆ ತಲುಪುತ್ತಿತ್ತು. ಆದರೆ ಅದು ಇಡೀ ತುದಿಯ ಒಟ್ಟು ಮೊತ್ತ. ಯಾವ ಕಟಕಟೆಯಲ್ಲಿ ಎಷ್ಟು ಜನ ಎಂದು ಹೇಳುವ ವ್ಯವಸ್ಥೆ ಇರಲಿಲ್ಲ. ಒಟ್ಟು ಸಂಖ್ಯೆ ಮಿತಿಯೊಳಗೇ ಇರಬಹುದು, ಒಂದು ಮೂಲೆಯಲ್ಲಿ ಉಸಿರು ನಿಲ್ಲಬಹುದು. ಕೊಲ್ಲುವುದು ಸಂಖ್ಯೆಯಲ್ಲ, ಸಾಂದ್ರತೆ. ಬ್ರಿಟನ್ನಿನ ಸುರಕ್ಷತಾ ಮಾರ್ಗಸೂಚಿ ನಿಂತು ನೋಡುವ ಜಾಗಕ್ಕೆ ಹತ್ತು ಚದರ ಮೀಟರಿಗೆ 47 ಜನ ಎಂಬ ಮಿತಿ ಹಾಕಿದೆ. ಚದರ ಮೀಟರಿಗೆ ಆರೇಳು ಜನರಾದರೆ ಗುಂಪಿನೊಳಗೆ ಯಾರಿಗೂ ತಮ್ಮ ಹೆಜ್ಜೆಯ ಮೇಲೆ ಹಿಡಿತ ಇರುವುದಿಲ್ಲ. ಒಂದು ಕಡೆಯ ತಳ್ಳು ಅಲೆಯಾಗಿ ಇನ್ನೊಂದು ಕಡೆ ಹೋಗಿ ಮುಟ್ಟುತ್ತದೆ. ನಲವತ್ತರ ದಶಕದ ಆ ಭವ್ಯ ಸಂಖ್ಯೆಗಳು ಇಂಥ ಸಾಂದ್ರತೆಯ ಮೇಲೆ ನಿಂತಿದ್ದವು ಎಂಬುದನ್ನು ಹಳೆಯ ಚಿತ್ರಗಳನ್ನು ಮೆಚ್ಚಿ ನೋಡುವವರು ಮರೆಯುತ್ತಾರೆ. 1946ರಲ್ಲೇ ಬೋಲ್ಟನ್ ಊರಿನ ಬರ್ನ್‌ಡೆನ್ ಪಾರ್ಕಿನಲ್ಲಿ 33 ಜನ, 1971ರಲ್ಲಿ ಗ್ಲಾಸ್ಗೊದ ಐಬ್ರಾಕ್ಸ್‌ನಲ್ಲಿ 66 ಜನ ಹೀಗೆಯೇ ಸತ್ತಿದ್ದರು.

ಹಿಲ್ಸ್‌ಬರೊ ದುರಂತದ ಬಗ್ಗೆ ನ್ಯಾಯಮೂರ್ತಿ ಟೇಲರ್ 1990ರಲ್ಲಿ ಕೊಟ್ಟ ವರದಿಯ ನಂತರ ಮೇಲಿನ ಎರಡು ವಿಭಾಗಗಳ ಮೈದಾನಗಳಲ್ಲಿ ಎಲ್ಲರಿಗೂ ಕುರ್ಚಿ ಕಡ್ಡಾಯವಾಯಿತು. ಲಿವರ್‌ಪೂಲಿನ ಆನ್‌ಫೀಲ್ಡ್‌ನಲ್ಲಿ ಕಾಪ್ ಎಂಬ ಹೆಸರಾಂತ ಇಳಿಜಾರಿನಲ್ಲಿ ಒಂದು ಕಾಲಕ್ಕೆ 28 ಸಾವಿರ ಜನ ನಿಲ್ಲುತ್ತಿದ್ದರು. 1994ರಲ್ಲಿ ಅದಕ್ಕೆ ಕುರ್ಚಿ ಹಾಕಿದಾಗ ಹಿಡಿದದ್ದು ಸುಮಾರು 12 ಸಾವಿರ. ಜರ್ಮನರು ಬೇರೆ ದಾರಿ ಹಿಡಿದರು. ಡಾರ್ಟ್‌ಮುಂಡ್‌ನ ದಕ್ಷಿಣ ಗ್ಯಾಲರಿಯಲ್ಲಿ ಇಂದಿಗೂ 24 ಸಾವಿರಕ್ಕೂ ಹೆಚ್ಚು ಜನ ನಿಂತೇ ನೋಡುತ್ತಾರೆ, ಅದೂ ಅಗ್ಗದ ಟಿಕೆಟಿನಲ್ಲಿ. ಯೂರೋಪಿಯನ್ ಪಂದ್ಯಗಳಿಗೆ ಕುರ್ಚಿ ಕಡ್ಡಾಯವಿದ್ದ ವರ್ಷಗಳಲ್ಲಿ ಅಲ್ಲಿ ತಾತ್ಕಾಲಿಕ ಆಸನ ಜೋಡಿಸಿದರೆ 81 ಸಾವಿರದ ಮೈದಾನ 66 ಸಾವಿರಕ್ಕೆ ಕುಗ್ಗುತ್ತಿತ್ತು. ಊರು ಅದೇ, ತಂಡ ಅದೇ, ಅಭಿಮಾನವೂ ಅಷ್ಟೇ. ಸಂಖ್ಯೆ ಮಾತ್ರ 15 ಸಾವಿರ ಕಡಿಮೆ.

ಇಂಗ್ಲೆಂಡಿನಲ್ಲಿ ಕುರ್ಚಿಯೊಂದಿಗೆ ಬೇರೆ ಜನವೂ ಬಂದರು. ಹೆದರಿ ದೂರವಿದ್ದ ಕುಟುಂಬಗಳು, ಹೆಚ್ಚು ದುಡ್ಡು ಕೊಡಬಲ್ಲವರು. ಟಿಕೆಟ್ ದರ ಏರಿತು, ಹಳಬರಲ್ಲಿ ಹಲವರಿಗೆ ಕೈಗೆಟುಕದಾಯಿತು. ಪ್ರೀಮಿಯರ್ ಲೀಗಿನ ಮೊದಲ ಋತುವಿನಲ್ಲಿ 21 ಸಾವಿರದಷ್ಟಿದ್ದ ಸರಾಸರಿ ಈಗ 40 ಸಾವಿರದ ಸುತ್ತ ಇದೆ. ಮೈದಾನಗಳು ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಭರ್ತಿ. ಇಲ್ಲಿಂದಾಚೆಗೆ ಆ ಸಂಖ್ಯೆ ಅಳೆಯುವುದನ್ನೇ ನಿಲ್ಲಿಸಿಬಿಡುತ್ತದೆ. ಚಿತ್ರಮಂದಿರದ ಮುಂದೆ ಹೌಸ್‌ಫುಲ್ ಬೋರ್ಡ್ ತೂಗಿದ ಮೇಲೆ ವಾಪಸು ಹೋದವರು ಹತ್ತೋ ಸಾವಿರವೋ ಎಂದು ಬೋರ್ಡ್ ಹೇಳುವುದಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಇಂಥ ತುದಿ ಕತ್ತರಿಸಿದ ಮಾಹಿತಿಗೆ ಬೇರೆಯೇ ಉಪಚಾರ ಬೇಕು. ಅದಕ್ಕೊಂದು ವಿಧಾನವನ್ನು 1958ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಟೋಬಿನ್ ಕೊಟ್ಟರು. ಅವರ ಸಮಸ್ಯೆ ಕೆಳತುದಿಯದು: ಮನೆಗೆ ಬೇಕಾದ ದೊಡ್ಡ ಸಾಮಾನಿಗೆ ಎಷ್ಟೋ ಕುಟುಂಬಗಳ ಖರ್ಚು ಸೊನ್ನೆ. ಫುಟ್‌ಬಾಲಿನಲ್ಲಿ ಕತ್ತರಿ ಬೀಳುವುದು ಮೇಲಿನ ತುದಿಗೆ. ಲೆಕ್ಕ ಎರಡಕ್ಕೂ ಒಗ್ಗುತ್ತದೆ.

ಸರಾಸರಿ ಇನ್ನೊಂದು ಆಟವನ್ನೂ ಆಡುತ್ತದೆ. 2023-24ರಲ್ಲಿ ಪ್ರೀಮಿಯರ್ ಲೀಗಿನ ಸರಾಸರಿ ಹಿಂದಿನ ವರ್ಷಕ್ಕಿಂತ ಕಣ್ಣಿಗೆ ಕಾಣುವಷ್ಟು ಇಳಿಯಿತು. ಯಾರ ಆಸಕ್ತಿಯೂ ಕುಂದಿರಲಿಲ್ಲ. 30 ಸಾವಿರಕ್ಕೂ ಹೆಚ್ಚು ಆಸನಗಳ ಮೈದಾನವಿದ್ದ ಲೀಡ್ಸ್, ಲೆಸ್ಟರ್, ಸೌತಾಂಪ್ಟನ್ ಕೆಳಗಿಳಿದು, ಮೇಲೆ ಬಂದವರಲ್ಲಿ ಲೂಟನ್ ಟೌನ್ ಒಂದಾಗಿತ್ತು. ಲೂಟನ್ನಿನ ಕೆನಿಲ್‌ವರ್ತ್ ರೋಡ್ ಮೈದಾನದಲ್ಲಿ ಹಿಡಿಯುವುದೇ 12 ಸಾವಿರದಷ್ಟು. ಹೊರ ಊರಿನ ಅಭಿಮಾನಿಗಳು ಅಲ್ಲಿ ಒಳಹೋಗುವ ದಾರಿ ಸಾಲುಮನೆಗಳ ನಡುವೆ ಕೊರೆದ ಒಂದು ಬಾಗಿಲು. ಅದರಾಚೆಯ ಮೆಟ್ಟಿಲು ಹತ್ತುವಾಗ ಎರಡೂ ಕಡೆ ಮನೆಗಳ ಹಿತ್ತಲು ಕಾಣುತ್ತದೆ. ಇಪ್ಪತ್ತು ತಂಡಗಳ ಲೀಗಿನಲ್ಲಿ 30 ಸಾವಿರದ ಒಂದು ತಂಡ ಹೋಗಿ 11 ಸಾವಿರದ ತಂಡ ಬಂದರೆ, ಉಳಿದೆಲ್ಲ ಇದ್ದಂತೆಯೇ ಇದ್ದರೂ, ಇಡೀ ಲೀಗಿನ ಸರಾಸರಿ ಸಾವಿರದಷ್ಟು ಇಳಿಯುತ್ತದೆ. ಅದೇ ವರ್ಷ ಜರ್ಮನಿಯಲ್ಲಿ ಶಾಲ್ಕೆ, ಹ್ಯಾಂಬರ್ಗ್, ಹೆರ್ಟಾ ಬರ್ಲಿನ್‌ನಂಥ ದೊಡ್ಡ ಕ್ಲಬ್ಬುಗಳು ಎರಡನೇ ವಿಭಾಗದಲ್ಲಿದ್ದವು. ಆ ಎರಡನೇ ವಿಭಾಗದ ಸರಾಸರಿ ಸುಮಾರು 29 ಸಾವಿರ. ಯೂರೋಪಿನ ಬಹುಪಾಲು ದೇಶಗಳ ಮೊದಲ ವಿಭಾಗಕ್ಕೂ ಅಷ್ಟು ಜನ ಬರುವುದಿಲ್ಲ.

ಇನ್ನೊಂದು ಮಾತು: ಇವತ್ತು ಫಲಕದ ಮೇಲೆ ಮೂಡುವ ಸಂಖ್ಯೆ ಬಹಳ ಕಡೆ ಮಾರಾಟವಾದ ಟಿಕೆಟಿನದು. ಸೀಸನ್ ಟಿಕೆಟ್ ಕೊಂಡು ಮನೆಯಲ್ಲಿ ಮಲಗಿದವನೂ ಅದರಲ್ಲಿ ಸೇರಿರುತ್ತಾನೆ. 1948ರಲ್ಲಿ ಗೇಟು ದಾಟಿದ ಹುಡುಗ ಲೆಕ್ಕಕ್ಕಿಲ್ಲ, ಇಂದು ಗೇಟಿಗೆ ಬಾರದ ಗೃಹಸ್ಥ ಲೆಕ್ಕದಲ್ಲಿದ್ದಾನೆ. ಇವೆರಡನ್ನೂ ಒಂದೇ ಗ್ರಾಫಿನ ಮೇಲೆ ಚುಕ್ಕಿ ಹಾಕಿ ಗೆರೆ ಎಳೆಯುತ್ತೇವೆ.

ಎಂಬತ್ತರ ದಶಕದಲ್ಲಿ ಶಿಖರದಲ್ಲಿದ್ದ ಇಟಲಿ ಮುಂದೆ ಕುಸಿಯಿತು; ಆ ಕಥೆಗೆ ಬರೋಣ. ಕಟ್ಟಡದ ಮಾತು ಅಲ್ಲಿ ಕಣ್ಣಿಗೆ ರಾಚುತ್ತದೆ. 1990ರ ವಿಶ್ವಕಪ್‌ಗಾಗಿ ಟುರಿನ್ ನಗರದ ಹೊರವಲಯದಲ್ಲಿ ಡೆಲ್ಲೆ ಆಲ್ಪಿ ಎಂಬ 69 ಸಾವಿರ ಆಸನಗಳ ಕ್ರೀಡಾಂಗಣ ಎದ್ದಿತು. ಮೈದಾನದ ಸುತ್ತ ಓಟದ ಟ್ರ್ಯಾಕ್. ಗೋಲಿನ ಹಿಂದೆ ಕೂತವರಿಗೆ ಆಚೆ ತುದಿಯ ಆಟ ಯಾವುದೋ ಊರಿನ ಆಟ. (ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಟ್ರ್ಯಾಕಿನಾಚೆಯಿಂದ ಫುಟ್‌ಬಾಲ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.) ಅಲ್ಲಿ ಆಡುತ್ತಿದ್ದ ಯುವೆಂಟಸ್ ದೇಶದ ಅತಿ ಜನಪ್ರಿಯ ತಂಡ. 2001-02ರಲ್ಲಿ ಅದು ಲೀಗ್ ಗೆದ್ದಿತು. ಅದೇ ಋತುವಿನಲ್ಲಿ ಸಂಪ್ಡೋರಿಯಾ ವಿರುದ್ಧದ ಇಟಾಲಿಯನ್ ಕಪ್ ಪಂದ್ಯಕ್ಕೆ ಬಂದ ಪ್ರೇಕ್ಷಕರು 237. ಕೊನೆಗೆ ಕ್ಲಬ್ ಅದನ್ನು ಒಡೆದು ಅದೇ ಜಾಗದಲ್ಲಿ 41 ಸಾವಿರದ, ಟ್ರ್ಯಾಕ್ ಇಲ್ಲದ, ಮೈದಾನಕ್ಕೆ ಅಂಟಿಕೊಂಡಂತಿರುವ ಕ್ರೀಡಾಂಗಣವನ್ನು 2011ರಲ್ಲಿ ತೆರೆಯಿತು. ಜಾಗ ಕಡಿಮೆಯಾಯಿತು, ಜನ ತುಂಬಿದರು.

ಅಷ್ಟರಲ್ಲಿ ಇಟಲಿ ಬಹಳ ಕಳೆದುಕೊಂಡಿತ್ತು. 2006ರಲ್ಲಿ ರೆಫರಿ ನೇಮಕದ ಹಗರಣ, 2007ರ ಫೆಬ್ರುವರಿಯಲ್ಲಿ ಕಟಾನಿಯಾದ ಗಲಭೆಯಲ್ಲಿ ಪೊಲೀಸ್ ಅಧಿಕಾರಿಯೊಬ್ಬನ ಸಾವು. ಆ ಋತುವಿನ ಸರಾಸರಿ 19 ಸಾವಿರಕ್ಕಿಂತ ಕೆಳಗೆ ಬಿತ್ತು. ಸುರಕ್ಷತೆ ಸಾಲದ ಮೈದಾನಗಳಲ್ಲಿ ಬಾಗಿಲು ಮುಚ್ಚಿ ಆಡಬೇಕೆಂದು ಸರ್ಕಾರ ಆಜ್ಞೆ ಹೊರಡಿಸಿತು. ಇದರಿಂದ ವಿಜ್ಞಾನಕ್ಕೆ ಅಪರೂಪದ ಅವಕಾಶವೊಂದು ಸಿಕ್ಕಿತು: ಅದೇ ಲೀಗ್, ಅದೇ ತಂಡಗಳು, ಪ್ರೇಕ್ಷಕರು ಮಾತ್ರ ಇಲ್ಲ. ಸ್ವೀಡನ್ನಿನ ಪೆರ್ ಪೆಟರ್ಸನ್-ಲಿಡ್ಬೊಮ್ ಮತ್ತು ಮಿಕಾಯೆಲ್ ಪ್ರಿಕ್ಸ್ ಇಂಥ 21 ಪಂದ್ಯಗಳನ್ನು ಉಳಿದವುಗಳೊಂದಿಗೆ ಹೋಲಿಸಿ 2010ರಲ್ಲಿ ಪ್ರಬಂಧ ಪ್ರಕಟಿಸಿದರು. ಆಟಗಾರರ ಆಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬದಲಾದದ್ದು ರೆಫರಿ. ಗ್ಯಾಲರಿ ತುಂಬಿದ್ದಾಗ ಹೊರಗಿನ ತಂಡಕ್ಕೆ ಕಠಿಣ, ತವರು ತಂಡಕ್ಕೆ ಸಡಿಲ. ಖಾಲಿಯಿದ್ದಾಗ ಆ ಪಕ್ಷಪಾತ ಕರಗುತ್ತಿತ್ತು. 2020ರ ಮೇ 16ರಂದು ಬುಂಡೆಸ್‌ಲೀಗಾ ಕೋವಿಡ್ ನಡುವೆ ಖಾಲಿ ಮೈದಾನದಲ್ಲಿ ಮರುಶುರುವಾದ ಮೇಲೆ ಈ ಪ್ರಯೋಗ ಇಡೀ ಖಂಡಕ್ಕೆ ಹಬ್ಬಿತು. ಹಲವು ಅಧ್ಯಯನಗಳು ಅದನ್ನೇ ಕಂಡವು: ತವರಿನ ಲಾಭ ಕುಗ್ಗಿತು, ಹೊರಗಿನ ತಂಡಕ್ಕೆ ಬೀಳುವ ಹಳದಿ ಕಾರ್ಡುಗಳು ಕಡಿಮೆಯಾದವು. ಕೂಗುವ ಗಂಟಲಿಗೆ ಬೆಲೆ ಇದೆ ಎಂದು ಅಭಿಮಾನಿಗಳು ಹೇಳುತ್ತ ಬಂದದ್ದು ಸುಳ್ಳಲ್ಲ, ಆ ಕೂಗು ಕೆಲಸ ಮಾಡುವುದು ಸೀಟಿ ಹಿಡಿದವನ ಮೇಲೆ.

ಕಟ್ಟಡ ಕಟ್ಟಿದರೆ ಸಾಕೇ ಎಂದರೆ ಹಂಗೆರಿ ಸಾಲದು ಎನ್ನುತ್ತದೆ. ಹೆಸರಾಂತ ಆಟಗಾರ ಪುಷ್ಕಾಶ್ ಆಡುತ್ತಿದ್ದ ಐವತ್ತರ ದಶಕದಲ್ಲಿ ಅಲ್ಲಿನ ಲೀಗಿಗೆ ಹತ್ತು ಸಾವಿರಕ್ಕೂ ಹೆಚ್ಚು ಸರಾಸರಿ ಇತ್ತು. ಕಳೆದ ದಶಕದಲ್ಲಿ ವಿಕ್ಟರ್ ಓರ್ಬಾನ್ ಸರ್ಕಾರದ ತೆರಿಗೆ ರಿಯಾಯಿತಿಯ ಹಣದಿಂದ ದೇಶದ ತುಂಬ ಹೊಸ ಮೈದಾನಗಳು ಎದ್ದವು. ಓರ್ಬಾನ್ ಬಾಲ್ಯ ಕಳೆದ ಫೆಲ್ಚೂತ್ ಗ್ರಾಮದಲ್ಲಿ ಎರಡು ಸಾವಿರ ಜನವೂ ಇಲ್ಲ. ಅಲ್ಲಿನ ಕ್ರೀಡಾಂಗಣದಲ್ಲಿ 3,800ರಷ್ಟು ಆಸನಗಳಿವೆ. ಬುಡಾಪೆಸ್ಟ್‌ನ ಫೆರೆಂಟ್ಸ್‌ವಾರೋಷ್ ಕ್ಲಬ್ 2014ರಲ್ಲಿ ಹೊಸ ಮೈದಾನ ತೆರೆದು, ಅಂಗೈಯ ನರ ಸ್ಕ್ಯಾನ್ ಮಾಡಿಸಿಕೊಂಡವರಿಗೆ ಮಾತ್ರ ಪ್ರವೇಶ ಎಂದಾಗ ಅದರ ಕಟ್ಟಾ ಅಭಿಮಾನಿಗಳು ಹೊರಗೇ ಉಳಿದರು. ಲೀಗಿನ ಸರಾಸರಿ ಇವತ್ತಿಗೂ ಕೆಲವೇ ಸಾವಿರ.

ಆರ್ಥಿಕ ತಜ್ಞರಿಗೆ ಪ್ರಿಯವಾದ ಇನ್ನೊಂದು ಸಿದ್ಧಾಂತವಿದೆ. ಬೇಸ್‌ಬಾಲ್ ಕುರಿತು ಸೈಮನ್ ರಾಟನ್‌ಬರ್ಗ್ 1956ರಲ್ಲಿ ಬರೆದ ಲೇಖನದಿಂದ ಬಂದದ್ದು: ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿದ್ದರೆ ಜನ ಬರುವುದಿಲ್ಲ. 2013ರಿಂದ 2023ರವರೆಗೆ ಸತತ ಹನ್ನೊಂದು ವರ್ಷ ಬುಂಡೆಸ್‌ಲೀಗಾವನ್ನು ಬಯರ್ನ್ ಮ್ಯೂನಿಕ್ಕೇ ಗೆದ್ದಿತು. ಕೋವಿಡ್ ಋತುಗಳನ್ನು ಬಿಟ್ಟರೆ ಲೀಗಿನ ಸರಾಸರಿ 40 ಸಾವಿರಕ್ಕಿಂತ ಕೆಳಗೆ ಹೋಗಲಿಲ್ಲ. ಸಿದ್ಧಾಂತ ಪೂರ್ತಿ ಸುಳ್ಳೆಂದಲ್ಲ. ಟಿವಿ ನೋಡುವ ದೂರದ ವೀಕ್ಷಕನಿಗೆ ಅದು ಹೆಚ್ಚು ಒಪ್ಪಬಹುದು. ಮೈದಾನಕ್ಕೆ ಬರುವವನಿಗೆ ಪ್ರಶಸ್ತಿ ಯಾರಿಗೆ ಎಂಬುದಕ್ಕಿಂತ ತನ್ನ ಊರಿನ ತಂಡ ಶನಿವಾರ ಏನು ಮಾಡುತ್ತದೆ ಎಂಬುದೇ ಮುಖ್ಯ.

ಗ್ರಾಫಿನಲ್ಲಿ ಇಲ್ಲದ ಒಂದು ಗೆರೆಯೂ ಇದೆ. 1920ರ ಕ್ರಿಸ್‌ಮಸ್ ರಜೆಯಲ್ಲಿ ಲಿವರ್‌ಪೂಲಿನ ಗುಡಿಸನ್ ಪಾರ್ಕ್ ಮೈದಾನದಲ್ಲಿ ಪ್ರೆಸ್ಟನ್ ಊರಿನ ಡಿಕ್, ಕೆರ್ ಕಾರ್ಖಾನೆಯ ಮಹಿಳೆಯರ ತಂಡ ಸೇಂಟ್ ಹೆಲೆನ್ಸ್ ತಂಡವನ್ನು ಎದುರಿಸಿತು. ಒಳಗೆ 53 ಸಾವಿರ ಜನ, ಜಾಗ ಸಾಲದೆ ಹೊರಗೆ ಇನ್ನೂ ಸಾವಿರಾರು. ಮರುವರ್ಷ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು ಹೇಳಿ, ಸದಸ್ಯ ಕ್ಲಬ್ಬುಗಳು ಅವರಿಗೆ ಮೈದಾನ ಕೊಡಬಾರದೆಂದು ಠರಾವು ಮಾಡಿತು. ನಿಷೇಧ ಸುಮಾರು ಐವತ್ತು ವರ್ಷ ನಡೆಯಿತು. ಆ ಐವತ್ತು ವರ್ಷ ಆಡಿದವರು ಪಾರ್ಕು, ಬಯಲುಗಳಲ್ಲಿ ಆಡಿದರು. ಅಲ್ಲಿ ಟರ್ನ್‌ಸ್ಟೈಲ್ ಇರಲಿಲ್ಲ, ಎಣಿಸಿದವರಿಲ್ಲ. 2022ರಲ್ಲಿ ಬಾರ್ಸಿಲೋನಾದ ಕ್ಯಾಂಪ್ ನೌನಲ್ಲಿ ವುಲ್ಫ್ಸ್‌ಬರ್ಗ್ ವಿರುದ್ಧದ ಮಹಿಳಾ ಪಂದ್ಯಕ್ಕೆ 91,648 ಜನ ಬಂದರು. ಅದೇ ಬೇಸಿಗೆ ವೆಂಬ್ಲಿಯಲ್ಲಿ ಮಹಿಳಾ ಯೂರೋ ಫೈನಲ್‌ಗೆ 87,192. ಗಂಡಸರ ಯೂರೋ ಟೂರ್ನಿಯ ಯಾವ ಪಂದ್ಯಕ್ಕೂ ಅಷ್ಟು ಜನ ಸೇರಿದ್ದಿಲ್ಲ. 2025ರಲ್ಲಿ ಎವರ್ಟನ್‌ನ ಪುರುಷರ ತಂಡ ಗುಡಿಸನ್ ಪಾರ್ಕ್ ಬಿಟ್ಟು ನದಿ ದಂಡೆಯ ಹೊಸ ಕ್ರೀಡಾಂಗಣಕ್ಕೆ ಹೋದಾಗ ಹಳೆಯ ಮೈದಾನವನ್ನು ಕೆಡವಲಿಲ್ಲ. ಈಗ ಅಲ್ಲಿ ಕ್ಲಬ್ಬಿನ ಮಹಿಳಾ ತಂಡ ಆಡುತ್ತಿದೆ.